ಏಳನೇ ದಿನ ಬಿಡಿ, ಆರು ದಿನದ ಮಾತು ಹೇಳಿ

ಕಳೆದ ವರ್ಷ ಮಾರ್ಚಿನಲ್ಲಿ ಒಂದು ರಾತ್ರಿ ಗಾಳಿಮಳೆಗೆ ನಮ್ಮ ಹಿತ್ತಲಿನ ಬೇಲಿ ಅರ್ಧಕ್ಕರ್ಧ ಮಲಗಿಬಿಟ್ಟಿತು. ಅಮೆರಿಕದ ಅಟ್ಲಾಂಟಾದಲ್ಲಿ ಇರುವವರಿಗೆ ಹೇಳಬೇಕಿಲ್ಲ, ಇಲ್ಲಿಯ ಪೈನ್ ಮರಗಳ ಕೊಂಬೆ ಯಾವಾಗ ಎಲ್ಲಿ ಬೀಳುತ್ತದೋ ದೇವರಿಗೇ ಗೊತ್ತು. ಭಾನುವಾರ ಮಕ್ಕಳ ಕನ್ನಡ ತರಗತಿ ಮುಗಿಸಿಕೊಂಡು ಬ್ಯೂಫೋರ್ಡ್ ಹೈವೇ ಕಡೆಯ ಒಂದು ಹಾರ್ಡ್‌ವೇರ್ ಅಂಗಡಿಗೆ ಹಲಗೆ ತರಲು ಹೋದೆ. ಪಾರ್ಕಿಂಗ್ ಜಾಗದ ಮೂಲೆಯಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು. ದಿನಗೂಲಿಗೆ ಕಾಯುವವರು. ನಾನು ಹಲಗೆಗಳನ್ನು ಕಾರಿಗೆ ತುರುಕಲು ಒದ್ದಾಡುತ್ತಿದ್ದಾಗ ಐವತ್ತರ ಆಸುಪಾಸಿನ ಒಬ್ಬರು ಹತ್ತಿರ ಬಂದರು. ಏನೂ ಕೇಳದೆ ಹಲಗೆಯ ಇನ್ನೊಂದು ತುದಿ ಹಿಡಿದರು. ಆಮೇಲೆ, ಬೇಲಿಯಾ, ನಾನು ಮಾಡ್ತೀನಿ, ಕೆಲಸ ಇದೆಯಾ ಅಂತ ಮುರುಕು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ನಾನೇ ಮಾಡಿಕೊಂಡರೆ ದುಡ್ಡು ಉಳಿಯುತ್ತದೆ ಅನ್ನುವ ಲೆಕ್ಕ ತಲೆಯಲ್ಲಿತ್ತು, ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಸುಮ್ನೆ ನಕ್ಕು, ಇವತ್ತು ಭಾನುವಾರ ಅಲ್ವಾ, ಆರಾಮಾಗಿರಿ ಅಂದುಬಿಟ್ಟೆ. ಅವರೂ ನಕ್ಕರು. ಈ ವಾರ ಎಲ್ಲಾ ದಿನವೂ ಭಾನುವಾರವೇ ಅಂದರು. ಹಲಗೆ ಬಿಟ್ಟು ವಾಪಸ್ ಹೋಗಿ ತಮ್ಮ ಜಾಗದಲ್ಲಿ ನಿಂತರು.

ಅವರು ವ್ಯಂಗ್ಯ ಮಾಡಲಿಲ್ಲ, ಸಿಟ್ಟನ್ನೂ ತೋರಿಸಲಿಲ್ಲ. ಆದರೂ ಆ ಮಾತು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಜೊತೆಗೇ ಬಂತು. ಎರಡು ವಾರ ಕಳೆದ ಮೇಲೆ ಲೈಬ್ರರಿಯವರು ಹಳೆ ಪುಸ್ತಕ ಮಾರುವ ದಿನ ಒಂದು ಡಾಲರ್ ಕೊಟ್ಟು ಒಂದು ತೆಳ್ಳನೆಯ ಪುಸ್ತಕ ತಂದೆ. ಹೆಸರು 'ಸಾಂತಾ ಬೀಬ್ಲಿಯಾ', ಬರೆದವರು ಹೂಸ್ತೊ ಗೊನ್ಸಾಲೆಸ್. ನಾನು ಕ್ರೈಸ್ತ ಅಲ್ಲ. ಬೈಬಲ್ ಬಗ್ಗೆ ಬರೆದ ಪುಸ್ತಕ ಓದುವ ಅಭ್ಯಾಸವೂ ಇಲ್ಲ. ಅದರ ಹಳೆಯ ಒಡೆಯರು ಯಾರೋ ಪುಟಪುಟಕ್ಕೂ ಪೆನ್ಸಿಲಿನಲ್ಲಿ ಅಂಚಿನ ತುಂಬ ಗೀಚಿದ್ದರು, ಅದಕ್ಕಾಗಿ ತಂದೆ. ಬೇರೆಯವರ ಗೀಚು ನೋಡುವ ಚಟ ನನಗೆ. ಒಂದು ಪುಟದಲ್ಲಿ ಇಡೀ ಪ್ಯಾರಾಕ್ಕೆ ಗೆರೆ ಹಾಕಿ ಮೂರು ಉದ್ಗಾರ ಚಿಹ್ನೆ ಹಾಕಿದ್ದರು. ಅಲ್ಲಿ ಓದಿದೆ.

ಒಂದು ಬಡ ಚರ್ಚು. ಅಲ್ಲಿಯ ಪಾದ್ರಿ ಸಬ್ಬತ್ ದಿನದ ಆಜ್ಞೆಯ ಮೇಲೆ ಪ್ರಸಂಗ ಮಾಡಬೇಕು. ಹತ್ತು ಆಜ್ಞೆಗಳಲ್ಲಿ ಒಂದು ಅದು, ಏಳನೆಯ ದಿನ ಕೆಲಸ ಮಾಡಬೇಡ ಅನ್ನುವುದು. ಈತ ಏಳನೆಯ ದಿನದ ಸುದ್ದಿಯನ್ನೇ ಎತ್ತುವುದಿಲ್ಲ. ಕಳೆದ ವಾರ ನಿಮ್ಮಲ್ಲಿ ಎಷ್ಟು ಜನ ಆರು ದಿನ ಕೆಲಸ ಮಾಡಿದಿರಿ, ಕೈ ಎತ್ತಿ ಅನ್ನುತ್ತಾನೆ. ಅಲ್ಲೊಂದು ಇಲ್ಲೊಂದು ಕೈ. ಐದು ದಿನ? ನಾಲ್ಕು? ಸರಿ, ಕೆಲಸ ಸಿಕ್ಕಿದ್ದರೆ ಆರು ದಿನವೂ ಮಾಡುತ್ತಿದ್ದೆವು ಅನ್ನುವವರು ಎಷ್ಟು ಜನ? ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲೆ. ಹಾಗಾದರೆ ಆರು ದಿನ ದುಡಿ ಎಂದು ದೇವರು ಹೇಳಿದ್ದಾನಲ್ಲ, ಒಂದು ದಿನದ ಕೆಲಸವೂ ಸಿಗದ ನಾವು ಆ ಆಜ್ಞೆಯನ್ನು ಪಾಲಿಸುವುದು ಹೇಗೆ ಎಂದು ಕೇಳುತ್ತಾನೆ.

ಪುಸ್ತಕ ಮುಚ್ಚಿಟ್ಟೆ. ಆಜ್ಞೆಯಲ್ಲಿ ಆರು ದಿನದ ಮಾತೂ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಕನ್ನಡ ಬೈಬಲ್ ಇರಲಿಲ್ಲ, ಫೋನಿನಲ್ಲೇ ಹುಡುಕಿ ನೋಡಿದೆ. ಇದೆ, ಏಳನೆಯ ದಿನ ಕೆಲಸ ಬೇಡ ಅನ್ನುವುದಕ್ಕಿಂತ ಮೊದಲೇ ಇದೆ. ಭಾನುವಾರ ಅಂಗಡಿ ತೆಗೆಯಬೇಕೋ ಮುಚ್ಚಬೇಕೋ ಅಂತ ಈ ದೇಶದಲ್ಲಿ ಇನ್ನೂರು ಮುನ್ನೂರು ವರ್ಷ ಕಾನೂನು ಮಾಡಿದ್ದಾರೆ, ಜಗಳ ಆಡಿದ್ದಾರೆ. ಅಷ್ಟೂ ಜಗಳ ವಾಕ್ಯದ ಎರಡನೇ ಅರ್ಧದ ಮೇಲೆ. ಮೊದಲ ಅರ್ಧ ಕೇಳಿಸಬೇಕಾದರೆ ಕೆಲಸ ಇಲ್ಲದವನ ಪಕ್ಕ ಕೂತಿರಬೇಕಿತ್ತು. ನಾನೂ ಅವತ್ತು ಪಾರ್ಕಿಂಗ್ ಜಾಗದಲ್ಲಿ ಎರಡನೇ ಅರ್ಧವನ್ನೇ ಹೇಳಿ ಬಂದಿದ್ದೆ.

ಆಮೇಲೆ ಈ ಮನುಷ್ಯನ ಬೆನ್ನು ಹತ್ತಿದೆ. ಗೊನ್ಸಾಲೆಸ್ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಎಮರಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು ಅಂತ ಆಗ ತಿಳಿಯಿತು. ಆ ರಸ್ತೆಯಲ್ಲಿ ಎಷ್ಟು ಸಲ ಓಡಾಡಿಲ್ಲ ನಾನು.

ಎರಡು ಸಲ ಅಲ್ಪಸಂಖ್ಯಾತ

ಹೂಸ್ತೊ ಗೊನ್ಸಾಲೆಸ್ ಹುಟ್ಟಿದ್ದು 1937ರಲ್ಲಿ, ಕ್ಯೂಬಾದ ಹವಾನಾದಲ್ಲಿ. ಮನೆಯವರು ಮೆಥಡಿಸ್ಟರು, ಅಂದರೆ ಪ್ರೊಟೆಸ್ಟಂಟರು. ಊರೆಲ್ಲಾ ಕ್ಯಾಥೊಲಿಕ್. ನಮಗೆ ದೂರದಿಂದ ಇಬ್ಬರೂ ಕ್ರೈಸ್ತರೇ ಅನ್ನಿಸುತ್ತದೆ, ಆದರೆ ಶಾಲೆಯಲ್ಲಿ ಓದುವ ಹುಡುಗನಿಗೆ ಹಾಗಲ್ಲ. ಅವನು ಬೇರೆ, ಅಷ್ಟೇ. ಮತಾನ್ಸಾಸ್ ಪಟ್ಟಣದ ಪ್ರೊಟೆಸ್ಟಂಟ್ ಸೆಮಿನರಿಯಲ್ಲಿ, ಅಂದರೆ ಪಾದ್ರಿಗಳಾಗುವವರ ಶಾಲೆಯಲ್ಲಿ, ಓದಿ 1957ರಲ್ಲಿ ಮುಗಿಸಿದರು. ಅಲ್ಲಿಂದ ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ. 1961ರಲ್ಲಿ ಡಾಕ್ಟರೇಟ್ ಬಂತು. ದೇವಶಾಸ್ತ್ರದ ಇತಿಹಾಸ ಅನ್ನುವ ವಿಷಯದಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಯೇಲ್‌ನಲ್ಲಿ ಯಾರೂ ಡಾಕ್ಟರೇಟ್ ಪಡೆದಿರಲಿಲ್ಲ. ಇಷ್ಟರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಗಿತ್ತು. ಮನೆ ಅಂತ ಇದ್ದ ದೇಶ ಬೇರೆಯೇ ದೇಶ ಆಗಿತ್ತು.

ಅಮೆರಿಕಕ್ಕೆ ಬಂದ ಮೇಲೆ ಒಂದು ತಮಾಷೆ ನಡೆಯಿತು ನೋಡಿ. ಇಲ್ಲಿ ಪ್ರೊಟೆಸ್ಟಂಟರೇ ಜಾಸ್ತಿ. ಅಂದರೆ ಧರ್ಮದ ಲೆಕ್ಕದಲ್ಲಿ ಈಗ ಇವರು ಬಹುಸಂಖ್ಯಾತರು. ಆದರೆ ಬಾಯಿಬಿಟ್ಟರೆ ಸ್ಪ್ಯಾನಿಷ್ ಉಚ್ಚಾರಣೆ, ಹೆಸರು ಹೂಸ್ತೊ. ಹಾಗಾಗಿ ಇಲ್ಲೂ ಅಲ್ಪಸಂಖ್ಯಾತ, ಬೇರೆ ಕಾರಣಕ್ಕೆ. 1990ರಲ್ಲಿ ಬಂದ 'ಮನ್ಯಾನಾ' ಅನ್ನುವ ಪುಸ್ತಕದ ಮೊದಲಲ್ಲೇ ಇದನ್ನು ಹೇಳಿಕೊಳ್ಳುತ್ತಾರೆ. ಅಳುಮುಂಜಿ ದನಿಯಲ್ಲಿ ಅಲ್ಲ. ಅಂಚಿನಲ್ಲಿ ನಿಂತವನಿಗೆ ಕಾಣುವುದು ನಡುವೆ ಕೂತವನಿಗೆ ಕಾಣುವುದಿಲ್ಲ, ಅದರಿಂದ ಇಡೀ ಸಭೆಗೇ ಉಪಯೋಗ ಇದೆ ಅನ್ನುವ ಧಾಟಿಯಲ್ಲಿ.

ಇದನ್ನು ಓದುವಾಗ ನನಗೆ ನನ್ನ ಲೆಕ್ಕ ನೆನಪಾಯಿತು, ಮತ್ತು ಅದು ಇಷ್ಟು ಚೆನ್ನಾಗಿಲ್ಲ. ತರೀಕೆರೆ ಹತ್ತಿರದ ಊರಿನಲ್ಲಿ ಬೆಳೆದ ನಾನು ಎಲ್ಲಾ ರೀತಿಯಲ್ಲೂ ನಡುವಿನವನು. ನಮ್ಮ ಹಬ್ಬಕ್ಕೇ ರಜ, ಪಾಠದಲ್ಲಿ ಬರುವುದು ನಮ್ಮ ದೇವರೇ, ಮೇಷ್ಟ್ರೂ ನಮ್ಮವರೇ. ಆರನೇ ತರಗತಿಯಲ್ಲಿ ಕ್ರೈಸ್ತರ ಹುಡುಗ ಒಬ್ಬನಿದ್ದ. ಇಡೀ ಕ್ಲಾಸಿಗೆ ಒಬ್ಬನೇ. ಅವನ ಟಿಫಿನ್ ಡಬ್ಬಿ ತೆಗೆದರೆ ನಾವು ಮೂರ್ನಾಲ್ಕು ಜನ ಮೂಗು ಮುಚ್ಚಿಕೊಳ್ಳುವ ಆಟ ಆಡುತ್ತಿದ್ದೆವು. ಒಳಗೆ ಇದ್ದದ್ದು ಬಹುತೇಕ ಚಿತ್ರಾನ್ನ. ಅದು ನಮಗೂ ಗೊತ್ತಿತ್ತು. ಒಂದು ದಿನ ಅವನು ಡಬ್ಬಿ ಹಿಡಿದುಕೊಂಡು ಬಂದು ನನ್ನ ಮುಂದೆ ಇಟ್ಟು, ತಿಂದು ನೋಡು ಅಂದ. ನಾನು ತಿನ್ನಲಿಲ್ಲ. ಮೂವತ್ತು ವರ್ಷ ಇದು ನೆನಪಿಗೂ ಬಂದಿರಲಿಲ್ಲ. ಇಲ್ಲಿಗೆ ಬಂದು, ಆಫೀಸಿನ ಊಟದ ಕೋಣೆಯಲ್ಲಿ ಹುಳಿ ಬಿಸಿ ಮಾಡುವಾಗ ಹಿಂದೆ ಯಾರೋ ಮೂಗೆಳೆದ ಶಬ್ದ ಕೇಳಿದಾಗ ಬಂತು. ಅಲ್ಪಸಂಖ್ಯಾತನಾಗಿ ನನಗೆ ಹದಿನಾಲ್ಕು ವರ್ಷದ ಅನುಭವ, ಅದೂ ಒಳ್ಳೆ ಸಂಬಳದ ಅನುಭವ. ಗೊನ್ಸಾಲೆಸ್ ಅದನ್ನು ಹುಟ್ಟಿನಿಂದಲೇ ಕಲಿತವರು.

ಪಾಪವಿಲ್ಲದ ಅಜ್ಜಂದಿರು ಯಾರಿಗೂ ಇಲ್ಲ

ಡಾಕ್ಟರೇಟ್ ಮುಗಿಸಿ ಅವರು ಹೋದದ್ದು ಪೋರ್ಟೊ ರೀಕೊಗೆ. ಅಲ್ಲಿಯ ಇವಾಂಜೆಲಿಕಲ್ ಸೆಮಿನರಿಯಲ್ಲಿ ಎಂಟು ವರ್ಷ ಪಾಠ. ಸ್ಪ್ಯಾನಿಷ್ ಮಾತಾಡುವ ಹುಡುಗರಿಗೆ ಕ್ರೈಸ್ತ ಚಿಂತನೆಯ ಇತಿಹಾಸ ಹೇಳಿಕೊಡಬೇಕು, ಕೈಗೆ ಕೊಡಲು ಅವರ ಭಾಷೆಯಲ್ಲಿ ತಕ್ಕ ಪುಸ್ತಕ ಇಲ್ಲ. ತಾವೇ ಬರೆಯಲು ಕೂತರು. ಮೂರು ದೊಡ್ಡ ಸಂಪುಟ ಆಯಿತು. ಮೊದಲು ಬಂದದ್ದು ಸ್ಪ್ಯಾನಿಷ್‌ನಲ್ಲಿ, 1965ರಿಂದ. ಇಂಗ್ಲಿಷಿನವರಿಗೆ ಸಿಕ್ಕಿದ್ದು ಆಮೇಲೆ. ಮುಂದೆ ಎಲ್ಲರಿಗಾಗಿ ಬರೆದ ಚರ್ಚಿನ ಇತಿಹಾಸದ್ದೂ ಇದೇ ಕತೆ. ಸ್ಪ್ಯಾನಿಷ್‌ನಲ್ಲಿ ಚಿತ್ರಗಳಿರುವ ಹತ್ತು ಸಣ್ಣ ಪುಸ್ತಕಗಳು, ಹೆಸರು 'ಭೂಮಿಯ ಕಟ್ಟಕಡೆಯವರೆಗೂ' ಅನ್ನುವ ಅರ್ಥದ ಬೈಬಲ್ ಮಾತು. ಅದೇ 1984-85ರಲ್ಲಿ ಇಂಗ್ಲಿಷಿನಲ್ಲಿ ಎರಡು ಸಂಪುಟವಾಗಿ ಬಂದು ಸೆಮಿನರಿಗಳ ಪಠ್ಯವಾಯಿತು. ಇಂಗ್ಲಿಷಿನಿಂದ ನಮ್ಮ ಭಾಷೆಗೆ ಪಠ್ಯ ಇಳಿಸಿಕೊಂಡೇ ಬೆಳೆದ ನನಗೆ ಈ ತಿರುವು ಬಹಳ ಇಷ್ಟವಾಯಿತು. ತರಗತಿಯ ಹುಡುಗರಿಗಾಗಿ ಅವರ ಭಾಷೆಯಲ್ಲಿ ಬರೆದದ್ದು ಆಮೇಲೆ ಜಗತ್ತಿಗೆ ಪಠ್ಯವಾಯಿತು.

ಇತಿಹಾಸದ ಬಗ್ಗೆ ಅವರು ಒಂದು ಕಡೆ ನಕಾಶೆಯ ಮಾತಾಡುತ್ತಾರೆ. ಹಳೆಯ ಚರ್ಚ್ ಇತಿಹಾಸದ ನಕಾಶೆ ಶುರುವಾಗುವುದು ಪ್ಯಾಲೆಸ್ತೀನಿನಲ್ಲಿ, ಆಮೇಲೆ ರೋಮ್, ಜರ್ಮನಿ, ಇಂಗ್ಲೆಂಡ್, ಕೊನೆಗೆ ಅಮೆರಿಕ. ಇಥಿಯೋಪಿಯಾ, ಸಿರಿಯಾ, ನಮ್ಮ ಕೇರಳದ ತೋಮಸ್ ಕ್ರೈಸ್ತರು ಎಲ್ಲಾ ಅಡಿಟಿಪ್ಪಣಿ. ಇನ್ನೊಂದು ತೊಂದರೆ, ಈ ಇತಿಹಾಸ ಬೆಟ್ಟದ ತುದಿಯಿಂದ ತುದಿಗೆ ಹಾರುತ್ತದೆ. ಪೋಪು, ಪಂಡಿತ, ರಾಜ. ಕಣಿವೆಯಲ್ಲಿ ಬದುಕಿದವರ ಸುದ್ದಿಯೇ ಇಲ್ಲ. ನಮ್ಮ ಶಾಲೆಯ ಇತಿಹಾಸ ಪುಸ್ತಕ ನೆನಪಿಸಿಕೊಂಡರೆ ಇದಕ್ಕೆ ಉದಾಹರಣೆ ಬೇಕಿಲ್ಲ.

ಆದರೆ ನನ್ನನ್ನು ಹಿಡಿದು ಅಲುಗಾಡಿಸಿದ್ದು 'ಮನ್ಯಾನಾ' ಪುಸ್ತಕದ ಇನ್ನೊಂದು ವಿಚಾರ. ಲ್ಯಾಟಿನೋಗಳು, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು, ತಮ್ಮ ಇತಿಹಾಸವನ್ನು ಮುಗ್ಧ ಇತಿಹಾಸ ಎಂದು ಹೇಳಿಕೊಳ್ಳಲಾರರು ಅನ್ನುತ್ತಾರೆ. ಯಾಕೆಂದರೆ ಅವರ ಮೈಯಲ್ಲಿ ಇಬ್ಬರ ರಕ್ತವೂ ಇದೆ. ನೆಲ ಕಿತ್ತುಕೊಂಡ ಸ್ಪೇನಿನವನೂ ಅಜ್ಜ, ನೆಲ ಕಳೆದುಕೊಂಡ ಮೂಲನಿವಾಸಿಯೂ ಅಜ್ಜ. ಆ ಎರಡನೇ ಅಜ್ಜನೂ ದೇವರಿಗೆ ನರಬಲಿ ಕೊಟ್ಟಿರಬಹುದು. ಕ್ಯೂಬಾದಂಥ ಕಡೆ ಹಡಗಿನಲ್ಲಿ ಸರಪಳಿ ಹಾಕಿ ತಂದ ಆಫ್ರಿಕಾದ ಅಜ್ಜಿಯೂ ಇದ್ದಾಳೆ. ಇಷ್ಟೆಲ್ಲಾ ಮನೆಯೊಳಗೇ ಇರುವಾಗ, ನಮ್ಮ ಹಿರಿಯರು ಚಿನ್ನದಂಥವರು ಅಂತ ಹೇಳುವುದು ಹೇಗೆ? ಅಮೆರಿಕದ ಬಿಳಿಯರು ಮಾತ್ರ ಸ್ವಾತಂತ್ರ್ಯ ಹುಡುಕಿ ಬಂದ ಧರ್ಮಿಷ್ಠರ ಕತೆ ಹೇಳಿಕೊಂಡು ನಿಶ್ಚಿಂತೆಯಾಗಿದ್ದಾರೆ, ಅದನ್ನು ನಂಬಬೇಕಾದರೆ ಎಷ್ಟೋ ಸಂಗತಿ ಮರೆಯಬೇಕು. ಮರೆಯುವುದು ಸುಲಭ ಕೂಡ. ಆ ಧರ್ಮಿಷ್ಠರನ್ನು ಇಂಗ್ಲೆಂಡಿನಿಂದ ತಂದ ಮೇಫ್ಲವರ್ ಹಡಗು ಬಂದದ್ದು 1620ರಲ್ಲಿ, ಫ್ಲಾರಿಡಾದ ಸೇಂಟ್ ಅಗಸ್ಟೀನ್ ಊರನ್ನು ಸ್ಪೇನಿನವರು ಕಟ್ಟಿದ್ದು 1565ರಲ್ಲಿ. ಯುದ್ಧ ಮುಗಿಸಿದ 1848ರ ಒಪ್ಪಂದದಲ್ಲಿ ಮೆಕ್ಸಿಕೋದ ಸುಮಾರು ಅರ್ಧ ನೆಲ ಅಮೆರಿಕಕ್ಕೆ ಬಂತು. ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು ಅಂತ ಅಲ್ಲಿಯ ಜನ ಹೇಳುವುದು ಅದಕ್ಕೇ. ಆದರೂ ಸ್ಪ್ಯಾನಿಷ್ ಮಾತಾಡುವವನನ್ನು ಕಂಡರೆ ಯಾವಾಗ ಬಂದೆ ಅಂತ ಕೇಳುತ್ತಾರೆ.

ಬೈಬಲ್ ಕೂಡ ಮುಗ್ಧ ಕತೆ ಅಲ್ಲ ಎಂದು ಅವರು ತೋರಿಸುವ ರೀತಿ ಚೆನ್ನಾಗಿದೆ. ಅಬ್ರಹಾಮ ಜೀವಭಯಕ್ಕೆ ಹೆಂಡತಿಯನ್ನು ತಂಗಿ ಅಂದವನು. ಯಾಕೋಬ ಅಣ್ಣನಿಗೆ ಮೋಸ ಮಾಡಿದವನು. ಯೇಸುವಿನ ವಂಶಾವಳಿ ಬರೆಯುವಾಗ ಮತ್ತಾಯ ಮುಚ್ಚಿಡಬಹುದಾದ ಹೆಣ್ಣುಮಕ್ಕಳ ಹೆಸರುಗಳನ್ನೇ ಹುಡುಕಿ ಸೇರಿಸಿದ ಹಾಗಿದೆ. ತಾಮಾರ್, ರಾಹಾಬ್, ರೂತ್, ಊರೀಯನ ಹೆಂಡತಿ. ನಮ್ಮ ಮನೆಗಳಲ್ಲಿ ವಂಶವೃಕ್ಷ ಬರೆಸಿ ಫ್ರೇಮ್ ಹಾಕಿಸುವವರು ಯಾವ ಹೆಸರನ್ನು ಬಿಡಬೇಕು ಅಂತ ಮೊದಲು ನಿರ್ಧರಿಸುತ್ತಾರೆ, ಅಲ್ವಾ? ಇದನ್ನು ಓದಿದ ರಾತ್ರಿಯೇ ನನಗೆ ಆ ಟಿಫಿನ್ ಡಬ್ಬಿ ಎರಡನೇ ಸಲ ನೆನಪಾದದ್ದು.

ನಾಳೆ ಬಾ

ಮನ್ಯಾನಾ ಅಂದರೆ ಸ್ಪ್ಯಾನಿಷ್‌ನಲ್ಲಿ ನಾಳೆ. ಅಮೆರಿಕದಲ್ಲಿ ಅದು ಗೇಲಿಯ ಪದ. ಲ್ಯಾಟಿನೋಗಳು ಸೋಮಾರಿಗಳು, ಯಾವ ಕೆಲಸ ಹೇಳಿದರೂ ಮನ್ಯಾನಾ ಅನ್ನುತ್ತಾರೆ ಅಂತ. ದೇವಶಾಸ್ತ್ರದ ಗಂಭೀರ ಪುಸ್ತಕಕ್ಕೆ ಬೇಕಂತಲೇ ಆ ಹೆಸರು ಇಟ್ಟಿದ್ದಾರೆ. ಇವತ್ತು ಏನೂ ತನ್ನ ಕೈಯಲ್ಲಿ ಇಲ್ಲದ ಜನ ನಾಳೆ ಅಂದರೆ ಅದು ಮುಂದೂಡುವುದಲ್ಲ, ಇವತ್ತು ಇರುವ ರೀತಿ ಸರಿಯಿಲ್ಲ ಅಂತ ಹೇಳುವುದು. ದೇವರ ರಾಜ್ಯ ಬರುತ್ತದೆ ಎಂದು ನಂಬುವವನು ಇವತ್ತಿನದನ್ನೇ ಕೊನೆ ಅಂತ ಒಪ್ಪಿಕೊಳ್ಳುವುದಿಲ್ಲ. ಸ್ಥೂಲವಾಗಿ ಅವರ ವಾದ ಇದು.

ನನಗೆ ತಕ್ಷಣ ನೆನಪಾದದ್ದು ನಮ್ಮ ತಾತನ ಅಂಗಡಿಯ ಬೋರ್ಡು. ಇಂದು ನಗದು, ನಾಳೆ ಉದ್ರಿ. ಓದಲು ಕಲಿತ ಹೊಸದರಲ್ಲಿ ನಾನು ಅದನ್ನು ನಂಬಿ, ನಾಳೆ ಉದ್ರಿ ಕೊಡ್ತೀರಲ್ಲ ತಾತ ಅಂತ ಕೇಳಿ ನಗೆಪಾಟಲಾಗಿದ್ದೆ. ಆಮೇಲೆ ತೊಂಬತ್ತರ ದಶಕದಲ್ಲಿ ಊರೂರ ಬಾಗಿಲ ಮೇಲೆ ಬರೆದಿದ್ದರಲ್ಲ, ನಾಳೆ ಬಾ ಅಂತ. ದೆವ್ವ ಬಂದು ಬಾಗಿಲು ಬಡಿಯುತ್ತದಂತೆ, ಅದನ್ನು ಓದಿ ವಾಪಸ್ ಹೋಗುತ್ತದಂತೆ, ಮತ್ತೆ ಮಾರನೇ ದಿನ ಬಂದರೂ ಅದೇ ಬರಹ. (ನಮ್ಮ ಮನೆಯ ಬಾಗಿಲ ಮೇಲೆ ಬರೆದವಳು ಅಕ್ಕ, ಸೀಮೆಸುಣ್ಣ ಕದ್ದು ತಂದವನು ನಾನು.) ಇನ್ನು ಕಚೇರಿಗಳ ನಾಳೆ ಬನ್ನಿ ಬಗ್ಗೆ ಹೇಳುವುದೇ ಬೇಡ. ಅಪ್ಪ ಒಂದು ಪಹಣಿ ತಿದ್ದುಪಡಿಗೆ ಎಷ್ಟು ನಾಳೆ ಅಲೆದರು ಅಂತ ಅವರೇ ಲೆಕ್ಕ ಬಿಟ್ಟಿದ್ದರು.

ಯೋಚಿಸಿದರೆ ಇವೆಲ್ಲಾ ಬಾಗಿಲ ಒಳಗಿರುವವನ ನಾಳೆಗಳು. ಅಂಗಡಿ ಅವನದು, ಮನೆ ಅವನದು, ಕುರ್ಚಿ ಅವನದು. ಇವತ್ತು ತನ್ನ ಹತ್ತಿರ ಇರುವವನು ಇನ್ನೊಬ್ಬನಿಗೆ ಕೊಡುವ ನಾಳೆ. ಕೌಂಟರಿನ ಹೊರಗೆ ನಿಂತ ಅಪ್ಪ ಮನೆಗೆ ಬಂದು, ನಾಳೆ ಆಗುತ್ತೆ ಬಿಡು ಅಂತ ಅಮ್ಮನಿಗೆ ಹೇಳುತ್ತಿದ್ದರಲ್ಲ, ಆ ನಾಳೆಯೇ ಬೇರೆ. ಗೊನ್ಸಾಲೆಸ್ ಮಾತಾಡುತ್ತಿರುವುದು ಅದರ ಬಗ್ಗೆ ಅಂತ ನನ್ನ ತಿಳುವಳಿಕೆ. ಪುಸ್ತಕದಲ್ಲಿ ಇಷ್ಟು ಪಹಣಿ ವಾಸನೆ ಇಲ್ಲ, ಅದು ನನ್ನ ಸೇರಿಕೆ.

ಬಾಗಿಲು ಕಟ್ಟುವ ಕೆಲಸ

ಪೋರ್ಟೊ ರೀಕೊದಿಂದ ಅವರು 1969ರಲ್ಲಿ ಎಮರಿಯ ಕ್ಯಾಂಡ್ಲರ್ ದೇವಶಾಸ್ತ್ರ ಶಾಲೆಗೆ ಬಂದರು. ಹೆಂಡತಿ ಕ್ಯಾಥರೀನ್ ಕೂಡ ಚರ್ಚ್ ಇತಿಹಾಸದ ವಿದ್ವಾಂಸೆ, ಪಕ್ಕದ ಡೆಕೇಟರ್‌ನ ಕೊಲಂಬಿಯಾ ಸೆಮಿನರಿಯಲ್ಲಿ ಪ್ರೊಫೆಸರ್ ಆಗಿದ್ದವರು. ಇವರು ಮೆಥಡಿಸ್ಟ್, ಆಕೆ ಪ್ರೆಸ್ಬಿಟೇರಿಯನ್, ಅಂದರೆ ಇನ್ನೊಂದು ಪ್ರೊಟೆಸ್ಟಂಟ್ ಪಂಗಡ. ಇಬ್ಬರೂ ಸೇರಿ ಪುಸ್ತಕಗಳನ್ನೂ ಬರೆದಿದ್ದಾರೆ. 1977ರಲ್ಲಿ, ನಲವತ್ತನೇ ವಯಸ್ಸಿಗೆ, ಗೊನ್ಸಾಲೆಸ್ ಕ್ಯಾಂಡ್ಲರ್ ಬಿಟ್ಟರು. ಬರವಣಿಗೆಗೆ ಕೂತರು. ಮಧ್ಯಮ ವರ್ಗದ ನನ್ನಂಥವನು ಈ ಸಾಲು ಓದಿದ ಕೂಡಲೇ ಇನ್ಶೂರೆನ್ಸ್ ಏನು ಮಾಡಿದರು ಅಂತ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ.

ಬರೆದದ್ದು ರಾಶಿ. ಆದರೆ ಮೇಷ್ಟ್ರಾಗಿ ಅವರ ದೊಡ್ಡ ಕೆಲಸ ಪುಸ್ತಕ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಬ್ಬ ಲ್ಯಾಟಿನೋ ಹುಡುಗ ಅಥವಾ ಹುಡುಗಿ ಅಮೆರಿಕದ ಸೆಮಿನರಿಗೆ ಸೇರಿದರೆ ಏನಾಗುತ್ತಿತ್ತು? ಇಡೀ ಕ್ಲಾಸಿಗೆ ಒಬ್ಬರೇ. ಪಾಠ ಮಾಡುವವರಲ್ಲಿ ತಮ್ಮವರು ಇಲ್ಲ, ಪುಸ್ತಕದಲ್ಲಿ ಇಲ್ಲ, ವಾಪಸ್ ಹೋಗಿ ಸೇವೆ ಮಾಡಬೇಕಾದ ಸಭೆಯ ಭಾಷೆ ಕಾಲೇಜಿನಲ್ಲಿ ಯಾರಿಗೂ ಬರುವುದಿಲ್ಲ. ಗೊನ್ಸಾಲೆಸ್ 1988ರಲ್ಲಿ ಈ ಪರಿಸ್ಥಿತಿಯ ಬಗ್ಗೆ ಒಂದು ಅಧ್ಯಯನ ವರದಿ ಬರೆದರು. ವರದಿ ಬರೆದು ಕೈ ತೊಳೆದುಕೊಳ್ಳಲಿಲ್ಲ, ಅದೇ ವಿಶೇಷ. ಮಾರನೇ ವರ್ಷವೇ ಬೇಸಿಗೆ ಶಾಲೆಯೊಂದು ಶುರುವಾಯಿತು. ಬೇರೆ ಬೇರೆ ಸೆಮಿನರಿಗಳಲ್ಲಿ ಒಂಟಿಯಾಗಿರುವ ವಿದ್ಯಾರ್ಥಿಗಳು ಎರಡು ವಾರ ಒಂದು ಕಡೆ ಸೇರುತ್ತಾರೆ. ಪಾಠ ಮಾಡುವವರೂ ಲ್ಯಾಟಿನೋಗಳೇ. ಅಲ್ಲಿ ಓದಿದ್ದಕ್ಕೆ ಅವರವರ ಕಾಲೇಜಿನಲ್ಲಿ ಅಂಕ ಸಿಗುತ್ತದೆ. ಯೋಜನೆ ಎಷ್ಟು ಸರಳ ನೋಡಿ. ವರ್ಷದಲ್ಲಿ ಎರಡು ವಾರ, ನಾನೊಬ್ಬನೇ ಅಲ್ಲ ಅನ್ನಿಸಿದರೆ ಉಳಿದ ಐವತ್ತು ವಾರ ಹೇಗೋ ದಾಟಬಹುದು.

1990ರ ದಶಕದ ಶುರುವಿನಲ್ಲಿ ಇನ್ನೊಂದು ಸಂಘ ಕಟ್ಟಿದರು. ಅದು ಸೆಮಿನರಿಗೆ ಹೋಗಲು ಆಗದವರ ಕಡೆ ನೋಡಿತು. ಹಗಲು ಕೂಲಿ ಕೆಲಸ, ರಾತ್ರಿ ಚರ್ಚಿನ ಹಿಂದಿನ ಕೋಣೆಯಲ್ಲಿ ಬೈಬಲ್ ಪಾಠ, ಹೀಗೆ ಪಾದ್ರಿಯಾದವರು ಲ್ಯಾಟಿನೋ ಸಭೆಗಳಲ್ಲಿ ಬಹಳ. ಆ ರಾತ್ರಿಶಾಲೆಗಳನ್ನು ಒಟ್ಟಿಗೆ ತಂದು ಗಟ್ಟಿಮಾಡುವ ಕೆಲಸ. 1996ರಲ್ಲಿ ಡಾಕ್ಟರೇಟ್ ವಿದ್ಯಾರ್ಥಿಗಳಿಗಾಗಿ ಮತ್ತೊಂದು. ಬರೀ ವಿದ್ಯಾರ್ಥಿವೇತನ ಕೊಟ್ಟು ಕಳಿಸುವುದಲ್ಲ. ಒಬ್ಬ ಹಿರಿಯ ಪ್ರಾಧ್ಯಾಪಕರ ಜೊತೆ ಬೆಸೆಯುವುದು, ಪ್ರಬಂಧ ತಿದ್ದಿಕೊಡಲು ಸಂಪಾದಕರನ್ನು ಕೊಡುವುದು, ವರ್ಷಕ್ಕೊಮ್ಮೆ ಸೇರಿಸುವುದು. ಅಲ್ಲಿಂದ ಡಾಕ್ಟರೇಟ್ ಮುಗಿಸಿ ಹೊರಬಂದವರು ನೂರಕ್ಕೂ ಜಾಸ್ತಿ. ತಮ್ಮ ಕಾಲದಲ್ಲಿ ಯೇಲ್‌ನಲ್ಲಿ ಅತಿ ಕಿರಿಯ ಅನ್ನಿಸಿಕೊಂಡ ಮನುಷ್ಯ ಅದನ್ನೇ ಜೀವನಪೂರ್ತಿ ಹೇಳಿಕೊಂಡು ತಿರುಗಬಹುದಿತ್ತು.

ಅವರ ತಂದೆತಾಯಿಯ ಕೆಲಸ ನೋಡಿದರೆ ಇದರ ಬೇರು ಎಲ್ಲಿದೆ ಅಂತ ಊಹಿಸಬಹುದು. ಅವರು 1960ರ ದಶಕದ ಆರಂಭದಲ್ಲಿ ಲ್ಯಾಟಿನ್ ಅಮೆರಿಕದ ಬಡವರಿಗೆ ಓದು ಬರಹ ಕಲಿಸಲು ಆಲ್ಫಾಲಿಟ್ ಎಂಬ ಸಂಸ್ಥೆ ಕಟ್ಟಿದವರು. ಅತ್ತ ಕ್ಯೂಬಾದ ಹೊಸ ಸರ್ಕಾರವೂ 1961ರಲ್ಲಿ ದೇಶದ ತುಂಬ ಅಕ್ಷರ ಕಲಿಸುವ ಚಳವಳಿ ನಡೆಸಿತು. ಒಂದೇ ದ್ವೀಪದವರು, ಎರಡು ದಾರಿ, ಕೈಯಲ್ಲಿ ಹಿಡಿದದ್ದು ಮಾತ್ರ ಅದೇ ಅ ಆ ಇ ಈ.

1981ರಲ್ಲಿ ಅವರು ಒಂದು ಪತ್ರಿಕೆಯ ಸಂಪಾದಕರೂ ಆದರು. ಹೆಸರು 'ಅಪುಂತೆಸ್'. ಅಂದರೆ ಟಿಪ್ಪಣಿಗಳು. ಹಿಸ್ಪ್ಯಾನಿಕ್, ಅಂದರೆ ಸ್ಪ್ಯಾನಿಷ್ ಮಾತಿನವರ, ಅಂಚಿನಿಂದ ಬಂದ ಚಿಂತನೆ ಅನ್ನುವ ಅರ್ಥದ ಅಡಿಬರಹ. ಅಂಚು ಅಂದರೆ ಸಮಾಜದ ಅಂಚೂ ಹೌದು, ಪುಟದ ಅಂಚೂ ಹೌದು. ಪುಟದ ನಡುವೆ ಅಚ್ಚಾದ ಮಾತಿಗೆ ಎದುರು ಮಾತು ಬರೆಯಲು ಓದುಗನಿಗೆ ಇರುವುದು ಅಷ್ಟೇ ಜಾಗ. ನನ್ನ ಒಂದು ಡಾಲರ್ ಪುಸ್ತಕದ ಪೆನ್ಸಿಲ್ ಗೀಚುಗಾರರಿಗೆ ಇದು ಗೊತ್ತಿತ್ತೋ ಏನೋ.

ಎಂಟನೇ ವಿಭಕ್ತಿ

ಬೈಬಲನ್ನು ಸಂಬೋಧನೆಯಲ್ಲಿ ಓದಬೇಕು ಅನ್ನುವ ಮಾತು ಅವರದು. ವ್ಯಾಕರಣದ ಸಂಬೋಧನಾ ವಿಭಕ್ತಿಯೇ. ಪಠ್ಯಕ್ಕೆ ನಾವು ಅರ್ಥ ಹೇಳುವುದಕ್ಕಿಂತ ಪಠ್ಯ ನಮ್ಮನ್ನು ಕೂಗಿ ಕರೆದು ನಮ್ಮ ಅರ್ಥ ಹೇಳಲಿ ಅಂತ. ಜೊತೆಗೆ, ಒಬ್ಬನೇ ಕೂತು ಓದಿದರೂ ಒಬ್ಬನಿಗೇ ಬರೆದದ್ದು ಅಂದುಕೊಳ್ಳಬೇಡ, ಅದು ಸಭೆಗೆ ಹೇಳಿದ್ದು ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಒಬ್ಬನಿಗೂ ಹತ್ತು ಜನಕ್ಕೂ ಒಂದೇ ಯೂ. ಸ್ಪ್ಯಾನಿಷ್‌ನಲ್ಲಿ, ನಮ್ಮಲ್ಲಿ ಇರುವ ಹಾಗೆ, ಬೇರೆ ಬೇರೆ ಪದ. ನಾನೇ ಕುತೂಹಲಕ್ಕೆ ಕನ್ನಡ ಬೈಬಲಿನಲ್ಲಿ ನೋಡಿದೆ. ಭೂಮಿಗೆ ಉಪ್ಪು ಅಂತ ಯೇಸು ಕರೆಯುವುದು 'ನೀವು' ಅಂತ. ಆರು ದಿನ ದುಡಿಯಬೇಕಾದವನು 'ನೀನು'.

ಮುಂದಿನ ಭಾನುವಾರದ ತರಗತಿಯಲ್ಲಿ ವಿಭಕ್ತಿ ಪಾಠ ಇತ್ತು. ನಾವೆಲ್ಲಾ ಉರು ಹೊಡೆದದ್ದೇ. ರಾಮನು, ರಾಮನನ್ನು, ರಾಮನಿಂದ, ರಾಮನಿಗೆ. ಮಕ್ಕಳು ಅಮೆರಿಕನ್ ನಾಲಿಗೆಯಲ್ಲಿ ರಾಮನಲ್ಲಿವರೆಗೆ ಹೇಳಿ, ರಾಮನೇ ಅನ್ನುವಷ್ಟರಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಕೇಳಿದಳು. ಅಂಕಲ್, ಬಾಕಿ ಎಲ್ಲಾದರಲ್ಲೂ ನಾವು ರಾಮನ ಬಗ್ಗೆ ಮಾತಾಡ್ತಿದ್ದೀವಿ, ಇದರಲ್ಲಿ ಮಾತ್ರ ರಾಮನ ಹತ್ತಿರ ಮಾತಾಡ್ತಿದ್ದೀವಿ, ಹೌದಾ? ಹೌದು ಪುಟ್ಟಿ ಅಂದೆ. ಗಾದೆ ಹೇಳಿಸುವ ಹೊತ್ತಿಗೆ, ಪ್ರತಿ ವರ್ಷದ ಹಾಗೆ, ಕೈ ಕೆಸರಾದರೆ ಬಾಯಿ ಮೊಸರು ಬಂತು. ಅರ್ಥ ಹೇಳಿದೆ. ಕೆಲಸ ಮಾಡಿದರೆ ಊಟ ಸಿಗುತ್ತೆ. ಕೆಸರು ಎಲ್ಲಿ ಸಿಗುತ್ತೆ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೇಲಿ ನನ್ನಿಂದ ಆಗಲಿಲ್ಲ. ನೆಟ್ಟ ಕಂಬ ವಾರದಲ್ಲಿ ವಾಲಿತು. ಶನಿವಾರ ಬೆಳಿಗ್ಗೆ ಮತ್ತೆ ಆ ಪಾರ್ಕಿಂಗ್ ಜಾಗಕ್ಕೆ ಹೋದೆ. ಅದೇ ಮನುಷ್ಯ ಸಿಕ್ಕರು. ನನ್ನ ಗುರುತು ಅವರಿಗೆ ಸಿಗಲಿಲ್ಲ, ಅಥವಾ ಸಿಗದ ಹಾಗೆ ಇದ್ದರು. ಕೂಲಿ ಮಾತಾಡಿ ಕರೆದುಕೊಂಡು ಬಂದೆ. ದಾರಿಯಲ್ಲಿ, ಫೋನ್ ನೋಡಿ ಕಲಿತಿದ್ದ ನನ್ನ ನಾಲ್ಕು ಸ್ಪ್ಯಾನಿಷ್ ವಾಕ್ಯಗಳನ್ನು ಮರ್ಯಾದೆಯ ಪದ ಸಮೇತ ಹೇಳಿ ಜಂಬಪಟ್ಟೆ. ಅವರು ನಿಧಾನಕ್ಕೆ ಉತ್ತರ ಕೊಟ್ಟರು. ನನ್ನದು ಸ್ಪ್ಯಾನಿಷ್ ಅಲ್ಲ ಅಂದರು. ಗ್ವಾಟೆಮಾಲಾದ ಬೆಟ್ಟಗಳ ಕಡೆಯವರು, ಮನೆಮಾತು ಕಾನ್‌ಹೊಬಾಲ್, ಮಾಯಾ ಭಾಷೆಗಳಲ್ಲಿ ಒಂದು. ಸ್ಪ್ಯಾನಿಷ್ ಕಲಿತದ್ದು ಶಾಲೆಯಲ್ಲಿ, ಅದೂ ಎರಡೇ ವರ್ಷ. ನಾನು ಪೆಚ್ಚಾದೆ. ಇಷ್ಟು ದಿನ ಅಂಚಿನವರ ಭಾಷೆ ಅಂತ ನಾನು ಓದುತ್ತಿದ್ದ ಸ್ಪ್ಯಾನಿಷ್ ಇವರ ಊರಿನಲ್ಲಿ ಮೇಷ್ಟ್ರ ಭಾಷೆ, ಪೊಲೀಸರ ಭಾಷೆ. ಇಬ್ಬರೂ ಅಜ್ಜಂದಿರೇ ಅಂತ ಗೊನ್ಸಾಲೆಸ್ ಬರೆಯುತ್ತಾರೆ, ಸರಿ. ಆದರೆ ಬರೆದದ್ದು ಒಬ್ಬ ಅಜ್ಜನ ಭಾಷೆಯಲ್ಲಿ. ಅವರ ಮೇಲೆ ಇದು ದೂರಲ್ಲ. ಓದುತ್ತಿದ್ದ ನನಗೆ ಇನ್ನೊಬ್ಬ ಅಜ್ಜನಿಗೂ ಒಂದು ಮಾತು ಇರಬಹುದು ಅಂತ ಹೊಳೆದೇ ಇರಲಿಲ್ಲ.

ಗುಂಡಿ ಸಾಲದು ಅಂತ ನನ್ನ ಕಂಬ ಕಿತ್ತು ಮೊಳಕಾಲುದ್ದ ಇನ್ನೂ ತೋಡಿದರು. ತಳಕ್ಕೆ ಜಲ್ಲಿ ಹಾಕಿದರು. ಮಧ್ಯಾಹ್ನ ಅಮ್ಮನ ಫೋನ್ ಬಂತು, ಮಾತಾಡಿ ಇಟ್ಟ ಮೇಲೆ ಇದು ಯಾವ ಭಾಷೆ ಅಂತ ಕೇಳಿದರು. ಕನ್ನಡ ಅಂದೆ. ಅವರು ಕನ್ನಡ ಅಂತ ಒಂದು ಸಲ ಹೇಳಿ ನೋಡಿದರು. ಸಂಜೆ ಹೊತ್ತಿಗೆ ಎರಡು ಕಂಬ ಬಾಕಿ ಉಳಿಯಿತು, ಸಿಮೆಂಟೂ ಮುಗಿಯಿತು. ನಾಳೆ ಬರುತ್ತೇನೆ ಅಂದರು ಸ್ಪ್ಯಾನಿಷ್‌ನಲ್ಲಿ. ನಿಮ್ಮ ಭಾಷೆಯಲ್ಲಿ ನಾಳೆಗೆ ಏನು ಅಂತ ಕೇಳಿದೆ. ಹೇಳಿದರು. ಗಂಟಲಲ್ಲಿ ಎಲ್ಲೋ ತಡೆದು ಬಿಡುವ ಒಂದು ಶಬ್ದ ಇದೆ, ನಾಲ್ಕು ಸಲ ಪ್ರಯತ್ನಿಸಿದೆ, ಬರಲಿಲ್ಲ. ಅವರಿಗೆ ನಗು. ನಿಮ್ಮದರಲ್ಲಿ ಅಂದರು. ನಾಳೆ ಅಂದೆ. ಮೊದಲ ಸಲಕ್ಕೇ, ಳಕಾರವನ್ನು ನಮ್ಮ ತರಗತಿಯ ಹನ್ನೊಂದು ಮಕ್ಕಳಿಗಿಂತ ಚೆನ್ನಾಗಿ ನುಡಿದು, ಸನಿಕೆ ತೊಳೆದಿಟ್ಟು ಹೊರಟರು.

ಮಾರನೇ ದಿನ ಭಾನುವಾರ. ಏಳು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು.